ಗೆದ್ದವರಿಗೂ ಗೆರೆ ಯಾಕೆ?

ಪ್ರಶ್ನೆ: ನಮ್ಮದು ಪುರಸಭೆ ಇರುವ ಸಣ್ಣ ಊರು. ಕಳೆದ ತಿಂಗಳು ಒಂದು ಬೆಳಿಗ್ಗೆ ಪುರಸಭೆಯವರು ಜೆಸಿಬಿ ತಂದು ನಮ್ಮ ಮನೆಯ ಕಾಂಪೌಂಡ್ ಗೋಡೆ ಕೆಡವಿದರು. ರಸ್ತೆ ಅಗಲೀಕರಣ ಅಂದರು. ನೋಟಿಸ್ ಬಂದಿರಲಿಲ್ಲ. ಆದೇಶ ತೋರಿಸಿ ಅಂದರೆ ‘ಮೇಲಿನವರು ಹೇಳಿದ್ದಾರೆ’ ಅಂದರು. ಈಗ ಮನೆಯ ಜಗಲಿಗೂ ಕೆಂಪು ಗುರುತು ಹಾಕಿ ಹೋಗಿದ್ದಾರೆ. ಇದನ್ನು ಹೇಳಿದರೆ ನಮ್ಮ ಭಾವ ಒಪ್ಪುವುದಿಲ್ಲ. ‘ಜನ ಓಟು ಹಾಕಿ ಗೆಲ್ಲಿಸಿದ ಸರ್ಕಾರ ಕೆಲಸ ಮಾಡ್ತಿದೆ. ಮಾತೆತ್ತಿದರೆ ಕೋರ್ಟಿಗೆ ಹೋದರೆ ಯಾವ ಊರು ಉದ್ಧಾರ ಆಗುತ್ತೆ? ಜಡ್ಜುಗಳನ್ನ ಯಾರು ಆರಿಸಿದ್ದು? ಮೂರನೇ ಎರಡು ಬಹುಮತ ಇದ್ದರೆ ಸಂವಿಧಾನವನ್ನೇ ಬದಲಿಸಬಹುದು’ ಅನ್ನುತ್ತಾರೆ. ಅವರ ಮಾತು ಪೂರ್ತಿ ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ಸಂವಿಧಾನ ಅಧಿಕಾರಕ್ಕೆ ಮಿತಿ ಹಾಕುತ್ತೆ ಅಂತ ಶಾಲೆಯಲ್ಲಿ ಓದಿದ್ದೆ. ಆ ಮಿತಿ ನಿಜಕ್ಕೂ ಇದೆಯಾ? ಇದ್ದರೆ ನನ್ನಂಥವನ ಗೋಡೆಯವರೆಗೂ ಬರುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಜಗಳ ಇವೆ. ಒಂದು ಪುರಸಭೆಯ ಜೊತೆ, ಇನ್ನೊಂದು ಭಾವನವರ ಜೊತೆ. ಮೊದಲನೆಯದಕ್ಕೆ ಕಾಗದಪತ್ರ ಬೇಕು, ಎರಡನೆಯದಕ್ಕೆ ಸ್ವಲ್ಪ ಇತಿಹಾಸ ಬೇಕು. ಎರಡರ ಬುಡದಲ್ಲಿರುವ ಪ್ರಶ್ನೆ ಮಾತ್ರ ಒಂದೇ: ಅಧಿಕಾರ ನಡೆಸುವವರು ‘ಇದನ್ನು ಮಾಡಲು ನನಗೆ ಅಧಿಕಾರ ಕೊಟ್ಟಿದ್ದು ಈ ಕಾನೂನು’ ಅಂತ ತೋರಿಸಬೇಕಾ, ಬೇಡವಾ?

ಭಾವನವರಿಂದಲೇ ಶುರು ಮಾಡೋಣ. ಕಾನೂನು ಮಾಡುವುದು, ತೆರಿಗೆ ಹಾಕುವುದು, ರಸ್ತೆ ಎಲ್ಲಿ ಹೋಗಬೇಕು ಅಂತ ತೀರ್ಮಾನಿಸುವುದು ಆರಿಸಿ ಬಂದವರ ಕೆಲಸ ಅನ್ನುವುದು ನಿಜ. ರಸ್ತೆ ಅಗಲ ಆಗಬೇಕಾ ಬೇಡವಾ ಅನ್ನುವ ವಿಷಯಕ್ಕೆ ಕೋರ್ಟು ಸಾಮಾನ್ಯವಾಗಿ ಕೈ ಹಾಕುವುದೂ ಇಲ್ಲ. ಆದರೆ ಚುನಾವಣೆ ಗೆದ್ದವರಿಗೆ ಸಿಗುವುದು ಐದು ವರ್ಷದ ಕೆಲಸ. ಊರಿನ ಪಹಣಿ ಅವರ ಹೆಸರಿಗೆ ಆಗುವುದಿಲ್ಲ. ಆ ಕೆಲಸಕ್ಕೆ ಷರತ್ತುಗಳಿವೆ. ಕಾನೂನಿನ ಬಲ ಇಲ್ಲದೆ ಒಂದು ರೂಪಾಯಿ ತೆರಿಗೆಯನ್ನೂ ವಸೂಲಿ ಮಾಡುವಂತಿಲ್ಲ ಅನ್ನುತ್ತದೆ 265ನೇ ವಿಧಿ. ಶಾಸನಸಭೆ ಒಪ್ಪದೆ ಖಜಾನೆಯ ಹಣ ತೆಗೆಯುವಂತಿಲ್ಲ. ಪೊಲೀಸರು ಯಾರನ್ನಾದರೂ ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾನೂನು ಆ ಮಟ್ಟಿಗೆ ಅಸಿಂಧು ಅಂತ 13ನೇ ವಿಧಿಯೇ ಹೇಳುತ್ತದೆ.

ಇವನ್ನೆಲ್ಲ ಬರೆದವರು ಜಡ್ಜುಗಳಲ್ಲ. 1946ರ ಡಿಸೆಂಬರ್ 9ರಂದು ಮೊದಲ ಸಲ ಸೇರಿ, 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿದ ಸಭೆಯಲ್ಲಿ ಇದ್ದವರಲ್ಲಿ ಬಹಳ ಜನ ರಾಜಕಾರಣಿಗಳೇ. ನಾಳೆ ಕುರ್ಚಿ ಏರುವವರು ತಾವೇ ಅಂತ ಅವರಿಗೆ ಗೊತ್ತಿತ್ತು. ಆದರೂ ತಮಗೆ ತಾವೇ ಗೆರೆ ಹಾಕಿಕೊಂಡರು. ಅವರಲ್ಲಿ ಎಷ್ಟೋ ಜನ ಬ್ರಿಟಿಷರ ಜೈಲಿನಲ್ಲಿ ಇದ್ದು ಬಂದವರು. ವಿಚಾರಣೆ ಇಲ್ಲದೆ ಒಳಗೆ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಮೂರನೇ ಎರಡು ಬಹುಮತದ ಮಾತು. ಅದು ಅರ್ಧ ಸರಿ. 368ನೇ ವಿಧಿಯ ಪ್ರಕಾರ ಎರಡೂ ಸದನಗಳಲ್ಲಿ, ಹಾಜರಿದ್ದು ಮತ ಹಾಕಿದವರ ಪೈಕಿ ಮೂರನೇ ಎರಡರಷ್ಟು ಜನ ಒಪ್ಪಬೇಕು. ಅದು ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಜಾಸ್ತಿಯೂ ಆಗಬೇಕು. ರಾಷ್ಟ್ರಪತಿ ಚುನಾವಣೆ, ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚಿಕೆ, ಹೈಕೋರ್ಟು, ಸುಪ್ರೀಂ ಕೋರ್ಟು ಇಂಥ ವಿಷಯಗಳಾದರೆ ಕಡಿಮೆ ಅಂದರೂ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. 2023ರ ಹೊತ್ತಿಗೆ 106 ತಿದ್ದುಪಡಿ ಆಗಿವೆ. ಹಾಗಾಗಿ ಸಂವಿಧಾನವನ್ನು ಮುಟ್ಟುವಂತೆಯೇ ಇಲ್ಲ ಅನ್ನುವವರ ಮಾತೂ ಸುಳ್ಳು. ಆದರೆ ಏನು ಬೇಕಾದರೂ ಬದಲಿಸಬಹುದಾ?

ಈ ಪ್ರಶ್ನೆಗೆ ಉತ್ತರ ಬಂದಿದ್ದು ಕಾಸರಗೋಡಿನ ಎಡನೀರು ಮಠದಿಂದ. ಕೇರಳ ಸರ್ಕಾರದ ಭೂಸುಧಾರಣೆ ಕಾನೂನಿನ ವಿರುದ್ಧ ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು. ಸ್ವಾಮೀಜಿಯ ಪರ ವಾದಿಸಿದ ವಕೀಲರು ನಾನಿ ಪಾಲ್ಖಿವಾಲಾ. 13 ನ್ಯಾಯಮೂರ್ತಿಗಳು 68 ದಿನ ಕೂತು ಕೇಳಿದರು. 1973ರ ಏಪ್ರಿಲ್ 24ರಂದು ಬಂದ ತೀರ್ಪು 7–6. ಸಂಸತ್ತು ಮೂಲಭೂತ ಹಕ್ಕುಗಳೂ ಸೇರಿದಂತೆ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಅಂತ ಕೋರ್ಟು ಹೇಳಿತು. ಸ್ವಾಮೀಜಿಗೆ ಏನು ಸಿಕ್ಕಿತು ಅಂತ ಕೇಳುತ್ತೀರಾ? ಕೇರಳದ ಭೂಸುಧಾರಣೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಅಂದರೆ ಅವರು ಯಾವುದಕ್ಕಾಗಿ ಹೋಗಿದ್ದರೋ ಅದು ಸಿಗಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಗೋಡೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈ ತೀರ್ಪನ್ನು ಒಪ್ಪದವರು ಇದ್ದಾರೆ. ‘ಮೂಲ ಸ್ವರೂಪ’ ಅನ್ನುವ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ಲ, ಏಳು ಜನ ಜಡ್ಜುಗಳು ಹುಟ್ಟಿಸಿದ್ದು ಅನ್ನುತ್ತಾರೆ. ಸುಮ್ನೆ ತಳ್ಳಿಹಾಕುವ ಟೀಕೆ ಅಲ್ಲ ಅದು. ಆ ಪಟ್ಟಿಯಲ್ಲಿ ಏನೇನು ಬರುತ್ತದೆ ಅನ್ನುವುದರಲ್ಲಿ ಆ ನ್ಯಾಯಮೂರ್ತಿಗಳಿಗೇ ಒಂದೇ ಅಭಿಪ್ರಾಯ ಇರಲಿಲ್ಲ. ಹಾಗಿದ್ದೂ ನಾನು ಆ ತೀರ್ಪಿನ ಪರ. ಅದಕ್ಕೆ ಕಾರಣ ಆಮೇಲಿನ ಮೂರು ವರ್ಷ.

ತೀರ್ಪಿನ ಬೆನ್ನಿಗೇ ಹಿರಿತನದಲ್ಲಿ ಮುಂದಿದ್ದ ಮೂವರನ್ನು ಬಿಟ್ಟು ನಾಲ್ಕನೆಯವರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ಮೂವರೂ ರಾಜೀನಾಮೆ ಕೊಟ್ಟರು. (ಅವರಲ್ಲಿ ಒಬ್ಬರು ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು, ಮುಂದೆ ಲೋಕಸಭೆಯ ಸ್ಪೀಕರ್ ಆದರು.) 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. 25ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಣೆಗೆ ಸಹಿ ಹಾಕಿದರು. ಸಂಪುಟದ ಮಂತ್ರಿಗಳಿಗೆ ವಿಷಯ ತಿಳಿಸಿದ್ದು ಮರುದಿನ ಬೆಳಿಗ್ಗೆ ಸಭೆ ಕರೆದು.

ಆಗಸ್ಟ್‌ನಲ್ಲಿ ನಡೆದದ್ದನ್ನು ನಿಮ್ಮ ಭಾವನವರಿಗೆ ಓದಿ ಹೇಳಿ. ಪ್ರಧಾನಿಯ ಆಯ್ಕೆಯನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಅನ್ನುವ 39ನೇ ತಿದ್ದುಪಡಿ ಆಗಸ್ಟ್ 7ರಂದು ಲೋಕಸಭೆಯಲ್ಲಿ ಪಾಸಾಯಿತು. ಮರುದಿನ ರಾಜ್ಯಸಭೆ. ಆಮೇಲೆ ರಾಜ್ಯಗಳ ಒಪ್ಪಿಗೆ. 10ಕ್ಕೆ ರಾಷ್ಟ್ರಪತಿಗಳ ಸಹಿ. ಅಲಹಾಬಾದ್ ತೀರ್ಪಿನ ಮೇಲ್ಮನವಿಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ಇದ್ದದ್ದು 11ಕ್ಕೆ. ವಿರೋಧ ಪಕ್ಷದ ಎಷ್ಟೋ ನಾಯಕರು ಆಗ ಜೈಲಿನಲ್ಲಿದ್ದರು. ಮೂರನೇ ಎರಡು ಬಹುಮತ ಇತ್ತು, ಸದನಗಳು ಸೇರಿದ್ದವು, ರಾಜ್ಯಗಳು ಒಪ್ಪಿದ್ದವು, ಕಾಗದದಲ್ಲಿ ಒಂದು ಲೋಪ ಇಲ್ಲ. ಇದು ಸರಿಯಾ? ಬಹುಮತ ಇದ್ದರೆ ಸಾಕು ಅನ್ನುವವರು ಸರಿ ಅನ್ನಲೇಬೇಕಾಗುತ್ತದೆ. ಕೋರ್ಟು ನವೆಂಬರ್ 7ರಂದು ಆ ಕಲಮನ್ನು ತೆಗೆದುಹಾಕಿತು. ಚುನಾವಣಾ ಕಾನೂನನ್ನು ಅಷ್ಟರಲ್ಲಿ ಹಿಂದಿನ ದಿನಾಂಕದಿಂದಲೇ ಬದಲಿಸಿದ್ದರಿಂದ ಇಂದಿರಾ ಗಾಂಧಿಯವರ ಆಯ್ಕೆ ಮಾತ್ರ ಉಳಿಯಿತು.

ಮುಂದಿನ ವರ್ಷ 42ನೇ ತಿದ್ದುಪಡಿ ಬಂತು. ಲೋಕಸಭೆಯ ಅವಧಿ ಐದರಿಂದ ಆರು ವರ್ಷ ಆಯಿತು. ಅಂದರೆ ಆರಿಸಿ ಬಂದವರು ತಮ್ಮ ಕೆಲಸದ ಅವಧಿಯನ್ನು ತಾವೇ ಹೆಚ್ಚಿಸಿಕೊಂಡರು. ಸಂವಿಧಾನ ತಿದ್ದುಪಡಿಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಅಂತಲೂ ಬರೆದುಕೊಂಡರು. ಈ ಎರಡನೆಯದನ್ನು 1980ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಕೇಸು ಹಾಕಿದ್ದು ಬೆಂಗಳೂರಿನ ಮಿನರ್ವ ಮಿಲ್ಸ್‌ನವರು.

ಹಾಗಾದರೆ ಕೋರ್ಟು ದೇವರಾ? ಅಲ್ಲ. ಅದೇ ತುರ್ತು ಪರಿಸ್ಥಿತಿಯಲ್ಲಿ ಸುಪ್ರೀಂ ಕೋರ್ಟು ತೀರಾ ಕೆಟ್ಟದಾಗಿ ಸೋತಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಬಂಧಿಸಿದ್ದು ಬೆಂಗಳೂರಿನಲ್ಲಿ. ಸಂಸದೀಯ ಸಮಿತಿಯ ಸಭೆಗೆ ಬಂದಿದ್ದರು. ಇಂಥವರ ಅರ್ಜಿಗಳನ್ನು ಕೇಳುತ್ತೇವೆ ಅಂತ ಕರ್ನಾಟಕವೂ ಸೇರಿ ಹಲವು ಹೈಕೋರ್ಟುಗಳು ಧೈರ್ಯ ಮಾಡಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4–1ರಿಂದ ಅದನ್ನು ತಿರುಗಿಸಿತು. ತುರ್ತು ಪರಿಸ್ಥಿತಿ ಇರುವಷ್ಟು ದಿನ, ನನ್ನನ್ನು ಅಕ್ರಮವಾಗಿ ಬಂಧಿಸಿದ್ದಾರೆ ಅಂತ ಕೋರ್ಟಿಗೆ ಬರುವ ಹಕ್ಕು ಯಾರಿಗೂ ಇಲ್ಲ ಅಂದಿತು. ವಿಚಾರಣೆಯ ನಡುವೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್‌ಗೆ ಒಂದು ಪ್ರಶ್ನೆ ಹಾಕಿದ್ದರು: ಒಬ್ಬ ಪೊಲೀಸ್ ಅಧಿಕಾರಿ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರ ಇಲ್ಲವಾ? ತಮ್ಮ ವಾದದ ಪ್ರಕಾರ ಇಲ್ಲ ಅಂತಲೇ ಅವರು ಉತ್ತರ ಕೊಟ್ಟರು. ಭಿನ್ನ ತೀರ್ಪು ಬರೆದ ಆ ಒಬ್ಬರು ಖನ್ನಾ. 1977ರ ಜನವರಿಯಲ್ಲಿ ಅವರ ಹಿರಿತನ ಬದಿಗಿಟ್ಟು ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಅವರೂ ರಾಜೀನಾಮೆ ಕೊಟ್ಟು ಹೊರಟರು. ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟು ಅಧಿಕೃತವಾಗಿ ಅಳಿಸಿಹಾಕಿದ್ದು 2017ರಲ್ಲಿ.

ನಾನು ಇದರಿಂದ ತಿಳಿದುಕೊಂಡದ್ದು ಇಷ್ಟು: ಒಂದೇ ಬಾಗಿಲಿಗೆ ಕಾವಲು ಇಟ್ಟರೆ ಸಾಲದು. ಕೋರ್ಟು ಕೈಬಿಟ್ಟಾಗ ಕೆಲಸಕ್ಕೆ ಬಂದದ್ದು ಓಟು. 1977ರ ಚುನಾವಣೆಯಲ್ಲಿ ಜನ ಸರ್ಕಾರವನ್ನೇ ಬದಲಿಸಿದರು. ಹೊಸ ಸಂಸತ್ತು 1978ರಲ್ಲಿ 44ನೇ ತಿದ್ದುಪಡಿ ತಂದು ತೂತುಗಳನ್ನು ಒಂದೊಂದಾಗಿ ಮುಚ್ಚಿತು. ಸಂಪುಟದ ತೀರ್ಮಾನ ಬರವಣಿಗೆಯಲ್ಲಿ ಬರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ‘ಆಂತರಿಕ ಗಲಭೆ’ ಅನ್ನುವ ಸಡಿಲ ಕಾರಣ ಹೋಗಿ ‘ಸಶಸ್ತ್ರ ಬಂಡಾಯ’ ಬಂತು. ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ. ಲೋಕಸಭೆಯ ಅವಧಿ ಮತ್ತೆ ಐದು ವರ್ಷಕ್ಕೆ ಇಳಿಯಿತು. ಈ ಗೆರೆಗಳನ್ನು ಹಾಕಿದ್ದು ಜಡ್ಜುಗಳಲ್ಲ, ಜನ ಆರಿಸಿದವರೇ.

ಜಡ್ಜುಗಳಿಗೆ ಯಾರು ಗೆರೆ ಹಾಕುತ್ತಾರೆ ಅನ್ನುವುದು ನ್ಯಾಯವಾದ ಪ್ರಶ್ನೆ. ಹೆಸರಿಗೆ ದಾರಿ ಇದೆ. ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ನಿರ್ಣಯ ಮಾಡಿದರೆ ನ್ಯಾಯಮೂರ್ತಿಯನ್ನು ತೆಗೆಯಬಹುದು. 1993ರಲ್ಲಿ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರ ವಿರುದ್ಧದ ನಿರ್ಣಯ ಲೋಕಸಭೆಯಲ್ಲಿ ಬಿದ್ದುಹೋಯಿತು. ಅಷ್ಟು ಕಷ್ಟದ ದಾರಿ ಅದು. ಜಡ್ಜುಗಳ ನೇಮಕವನ್ನು ಬೇರೆ ಆಯೋಗಕ್ಕೆ ಕೊಡುವ ತಿದ್ದುಪಡಿಯನ್ನು 2015ರಲ್ಲಿ ಸುಪ್ರೀಂ ಕೋರ್ಟೇ ರದ್ದು ಮಾಡಿತು. ಜಡ್ಜುಗಳನ್ನು ಜಡ್ಜುಗಳೇ ಆರಿಸುವ ಈಗಿನ ಪದ್ಧತಿ ನನಗೂ ಪೂರ್ತಿ ಸಮಾಧಾನ ತಂದಿಲ್ಲ. ಇಲ್ಲಿ ನಿಮ್ಮ ಭಾವನವರಿಗೆ ಒಂದು ಅಂಕ ಕೊಡಿ.

ಇನ್ನು ನಿಮ್ಮ ಗೋಡೆ. ಮೊದಲು ಒಂದು ಭ್ರಮೆ ಬಿಡಬೇಕು. ಆಸ್ತಿ ಈಗ ಮೂಲಭೂತ ಹಕ್ಕು ಅಲ್ಲ. ಅದೇ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಹಾಕಿತು. ಆದರೆ ಅದು ಇವತ್ತಿಗೂ ಸಂವಿಧಾನದ ಹಕ್ಕೇ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಇದರ ಅರ್ಥ ಏನು ಅಂತ 2024ರ ಮೇ ತಿಂಗಳಲ್ಲಿ, ಕೋಲ್ಕತ್ತ ಮಹಾನಗರ ಪಾಲಿಕೆಯ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ: ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ಸರಿಯಾದ ಪರಿಹಾರ ಕೊಡಬೇಕು. ಅದೇ ವರ್ಷ ನವೆಂಬರ್ 13ರಂದು ಬುಲ್ಡೋಜರ್ ಪ್ರಕರಣದಲ್ಲಿ, ಕಟ್ಟಡ ಕೆಡವುವ ಮೊದಲು ಕಡಿಮೆ ಅಂದರೂ 15 ದಿನದ ನೋಟಿಸ್ ಇರಬೇಕು, ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ಕಟ್ಟಡದ ಮೇಲೂ ಅಂಟಿಸಬೇಕು ಅಂದಿದೆ.

ಆದರೆ ಈ ಎರಡನೇ ತೀರ್ಪಿನಲ್ಲಿ ಒಂದು ವಿನಾಯಿತಿ ಇದೆ. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿದ್ದರೆ ಆ 15 ದಿನದ ನಿಯಮ ಅನ್ವಯಿಸುವುದಿಲ್ಲ. ಪುರಸಭೆಯವರು ಹಿಡಿಯುವುದೇ ಇದನ್ನು. ‘ಗೋಡೆ ರಸ್ತೆ ಮೇಲಿತ್ತು’ ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ. ಹಾಗಾಗಿ ನಿಮ್ಮ ಕೇಸಿನ ಜೀವ ಇರುವುದು ಸಂವಿಧಾನದ ಪುಸ್ತಕದಲ್ಲಿ ಅಲ್ಲ, ಸರ್ವೆ ನಕ್ಷೆಯಲ್ಲಿ. ಕ್ರಯಪತ್ರದ ಚೆಕ್ಕುಬಂದಿ, ಖಾತೆ, ಮನೆ ಕಟ್ಟುವಾಗ ಪಡೆದ ಪರವಾನಗಿಯ ನಕ್ಷೆ ಇವನ್ನು ಜೋಡಿಸಿ. ಗಡಿ ಗುರುತಿಸಿಕೊಡಿ ಅಂತ ಹದ್ದುಬಸ್ತಿಗೆ ಅರ್ಜಿ ಹಾಕಿ. ಗೋಡೆ ನಿಜವಾಗಿಯೂ ಎರಡು ಅಡಿ ಆಚೆ ಇತ್ತು ಅಂತ ಬಂದರೆ, ಅದನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಕೋರ್ಟಿನಲ್ಲಿ ಎದುರಿನ ವಕೀಲರಿಂದ ತಿಳಿದುಕೊಳ್ಳುವುದು ತುಂಬಾ ದುಬಾರಿ.

ಜೊತೆಗೇ, ಈ ವಾರವೇ, ಪುರಸಭೆಯ ಮುಖ್ಯಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಬೈಗುಳ ಬೇಡ, ಭಾಷಣವೂ ಬೇಡ. ಯಾವ ದಿನ ಗೋಡೆ ಕೆಡವಿದರು, ಯಾವ ಕಾನೂನಿನ ಯಾವ ಕಲಮಿನ ಪ್ರಕಾರ, ಆದೇಶದ ಸಂಖ್ಯೆ ಮತ್ತು ದಿನಾಂಕ ಏನು, ಜಗಲಿಗೆ ಹಾಕಿದ ಗುರುತಿಗೆ ಆಧಾರ ಏನು, ನನ್ನ ಮಾತು ಕೇಳದೆ ಮುಂದುವರಿಯಬೇಡಿ. ಇಷ್ಟೇ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅದೇ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಇದರ ತೊಂದರೆ ಅಂದರೆ ಸಮಯ. ಮಾಹಿತಿ ಕೊಡಲು ಅವರಿಗೆ 30 ದಿನ ಇದೆ. ಜೆಸಿಬಿಗೆ ಅಷ್ಟು ದಿನ ಬೇಡ.

ಹಾಗಾಗಿ ಜಗಲಿಗೆ ಅಪಾಯ ಹತ್ತಿರ ಇದೆ ಅನಿಸಿದರೆ 226ನೇ ವಿಧಿಯಲ್ಲಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಸರ್ಕಾರಿ ಸಂಸ್ಥೆಯ ಕ್ರಮವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ, ಹಾಕಬಹುದು. ನಿಮ್ಮ ಜಿಲ್ಲೆ ಯಾವುದು ಅನ್ನುವುದರ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ನನ್ನ ವೃತ್ತಿಯ ಬಹುಪಾಲು ಇಂಥ ಅರ್ಜಿಗಳಲ್ಲೇ ಕಳೆದಿದೆ. ಮೊದಲ ವಿಚಾರಣೆ ಹೇಗಿರುತ್ತದೆ ಹೇಳುತ್ತೇನೆ. ನ್ಯಾಯಮೂರ್ತಿಗಳು ನಿಮ್ಮ ಅರ್ಜಿಯ ದೊಡ್ಡ ದೊಡ್ಡ ಮಾತುಗಳನ್ನು ಅಷ್ಟಾಗಿ ನೋಡುವುದಿಲ್ಲ. ಪುರಸಭೆಯ ವಕೀಲರ ಕಡೆ ತಿರುಗಿ ‘ಆದೇಶ ಎಲ್ಲಿ?’ ಅಂತ ಕೇಳುತ್ತಾರೆ. ವಕೀಲರು ಹಿಂದೆ ನಿಂತ ಅಧಿಕಾರಿಯನ್ನು ನೋಡುತ್ತಾರೆ. ಅಧಿಕಾರಿ ಕಡತ ಬಿಚ್ಚುತ್ತಾರೆ. ಎಷ್ಟೋ ಸಲ ಅದರಲ್ಲಿ ಇರುವುದು ‘ಮೌಖಿಕ ಸೂಚನೆ ಮೇರೆಗೆ’ ಅನ್ನುವ ಒಂದು ಸಾಲು, ಕೆಳಗೆ ಒಂದು ಸಹಿ. ಅಲ್ಲಿಗೆ ತಡೆಯಾಜ್ಞೆ ಸಿಗುವ ಸಾಧ್ಯತೆ ಚೆನ್ನಾಗಿರುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದನ್ನು ಕಕ್ಷಿದಾರರಿಗೆ ಫೈಲ್ ಮಾಡುವ ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಲ ಕೊನೆಯ ಆದೇಶ ‘ನೋಟಿಸ್ ಕೊಡಿ, ಅರ್ಜಿದಾರರ ಮಾತು ಕೇಳಿ, ಕಾನೂನಿನ ಪ್ರಕಾರ ತೀರ್ಮಾನ ಮಾಡಿ’ ಅಂತ ಇರುತ್ತದೆ. ಪುರಸಭೆ ನೋಟಿಸ್ ಕೊಟ್ಟು, ನಿಮ್ಮ ಮಾತು ಕೇಳಿ, ಮತ್ತೆ ಅದೇ ತೀರ್ಮಾನಕ್ಕೆ ಬರಬಹುದು. 1985ರಲ್ಲಿ ಬೊಂಬಾಯಿಯ ಫುಟ್‌ಪಾತ್ ನಿವಾಸಿಗಳಿಗೆ ಆದದ್ದೂ ಹೀಗೇ. ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು ಹೇಳಿತು. ಮಳೆಗಾಲ ಮುಗಿದ ಮೇಲೆ ಅವರನ್ನು ಎಬ್ಬಿಸಲು ಒಪ್ಪಿಗೆಯನ್ನೂ ಕೊಟ್ಟಿತು. ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರನ್ನೇ ನೋಡಿ. 1989ರ ಏಪ್ರಿಲ್‌ನಲ್ಲಿ, ಬೆಂಬಲ ವಾಪಸ್ ಪಡೆದಿದ್ದೇವೆ ಅನ್ನುವ 19 ಶಾಸಕರ ಪತ್ರಗಳನ್ನು ನಂಬಿ, ಸರ್ಕಾರಕ್ಕೆ ಬಹುಮತ ಇಲ್ಲ ಅಂತ ರಾಜ್ಯಪಾಲರು ವರದಿ ಕಳುಹಿಸಿದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಹೇಳಿದರೂ ಅವಕಾಶ ಕೊಡದೆ ಸರ್ಕಾರವನ್ನು ವಜಾ ಮಾಡಿದರು. ಅದು ಅಸಾಂವಿಧಾನಿಕ, ಬಹುಮತದ ಲೆಕ್ಕ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಅಂತ ತೀರ್ಪು ಬಂದಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಒಂದು ಚುನಾವಣೆಯೇ ಆಗಿಹೋಗಿತ್ತು, ಅವರ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಮನಸ್ಸಿಗೆ ಬಂದಂತೆ ರಾಜ್ಯ ಸರ್ಕಾರಗಳನ್ನು ಕಿತ್ತುಹಾಕುವ ಚಾಳಿ ಆಮೇಲೆ ತುಂಬಾ ಕಡಿಮೆ ಆಯಿತು. ಅಧಿಕಾರಕ್ಕೆ ಗೆರೆ ಎಳೆಸಿದವರಲ್ಲಿ ಎಷ್ಟೋ ಜನ ತಮ್ಮ ಸ್ವಂತ ಕೇಸಿನಲ್ಲಿ ಗೆಲ್ಲಲೇ ಇಲ್ಲ.

ರಿಟ್‌ಗೆ ಇನ್ನೂ ಒಂದು ಅಡ್ಡಿ ಇದೆ. ಜಾಗ ಯಾರದ್ದು ಅನ್ನುವುದೇ ತಕರಾರು ಆದರೆ ಹೈಕೋರ್ಟು ‘ಇದು ಸಾಕ್ಷಿ ನೋಡಿ ತೀರ್ಮಾನಿಸಬೇಕಾದ ವಿಷಯ, ಸಿವಿಲ್ ಕೋರ್ಟಿಗೆ ಹೋಗಿ’ ಅನ್ನಬಹುದು. ಸಿವಿಲ್ ದಾವೆಯಲ್ಲಿ ಕೋರ್ಟು ನೇಮಿಸಿದ ಕಮಿಷನರ್ ಬಂದು ಜಾಗ ಅಳೆಯುತ್ತಾರೆ, ಗೋಡೆಗೆ ಪರಿಹಾರವನ್ನೂ ಕೇಳಬಹುದು. ಆದರೆ ವರ್ಷಗಟ್ಟಲೆ ಎಳೆಯುತ್ತದೆ. ವಾರ್ಡಿನ ಸದಸ್ಯರ ಹತ್ತಿರ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ಆರಿಸಿದ್ದೇ ಅದಕ್ಕೆ ಅಲ್ವಾ? ಆದರೆ ಅವರು ಫೋನಿನಲ್ಲಿ ‘ನಿಲ್ಲಿಸಿದ್ದೇನೆ’ ಅಂದರೆ ಅದೂ ಇನ್ನೊಂದು ಮೌಖಿಕ ಸೂಚನೆ. ಬರವಣಿಗೆಯಲ್ಲಿ ಕೇಳಿ.

ನಾನು ನಿಮ್ಮ ಜಾಗದಲ್ಲಿ ಇದ್ದರೆ ಪತ್ರ ಮತ್ತು ಹದ್ದುಬಸ್ತಿನ ಅರ್ಜಿಯನ್ನು ಮೊದಲು ಹಾಕುತ್ತಿದ್ದೆ. ಜಗಲಿಗೆ ನೋಟಿಸ್ ಬಂದರೆ ಅದರಲ್ಲಿ ಕೊಟ್ಟ ದಿನದೊಳಗೆ ಆಕ್ಷೇಪಣೆ ಸಲ್ಲಿಸುತ್ತಿದ್ದೆ. ನೋಟಿಸ್ ಇಲ್ಲದೆ ಮತ್ತೆ ಬರುವ ಸೂಚನೆ ಕಂಡರೆ ಆ ಕ್ಷಣವೇ ರಿಟ್. ತಡ ಮಾಡಿದರೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಖರ್ಚಿನ ಯೋಚನೆ ಇದ್ದರೆ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಮನೆ ನಿಮ್ಮ ತಾಯಿಯ ಅಥವಾ ಹೆಂಡತಿಯ ಹೆಸರಿನಲ್ಲಿ ಇದ್ದರೆ ಅರ್ಜಿಯನ್ನು ಅವರೇ ಹಾಕಲಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.